ಯಂತ್ರದ ಬುದ್ಧಿ ಮತ್ತು ಮಾರುಕಟ್ಟೆಯ ಅಮಾನತ್ತು

(ಜಗಳೂರಿನಲ್ಲಿ ಸಮುದಾಯದ ವರ್ತಕರು ಹಾಗೂ ಯುವಕರ ಸಭೆಯಲ್ಲಿ ನೀಡಿದ ಭಾಷಣದ ಬರಹ ರೂಪ)



ವ್ಯಾಪಾರದಲ್ಲಿ ಕೃತಕ ಬುದ್ಧಿಮತ್ತೆ ಎಂಬ ವಿಷಯದ ಕುರಿತು ಜಗಳೂರಿನಲ್ಲಿ ಮಾತನಾಡುತ್ತೇವೆಂದಾಗ ಕೆಲವರು ನಕ್ಕರು. ಮಳೆಯನ್ನೇ ನೆಚ್ಚಿಕೊಂಡ ಈ ಬರದ ಸೀಮೆಗೂ ಬೆಂಗಳೂರಿನ ಗಾಜಿನ ಕಟ್ಟಡಗಳ ವಿದ್ಯೆಗೂ ಏನು ಸಂಬಂಧ ಎಂಬುದು ಅವರ ಪ್ರಶ್ನೆಯಾಗಿತ್ತು. ದೇಶದ ವಿಚಾರಗಳು ಈ ಊರಿಗೆ ದೂರವಾದವುಗಳಲ್ಲ. ಚಿತ್ರದುರ್ಗ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಜೆ. ಮೊಹಮ್ಮದ್ ಇಮಾಂ ಅವರು ಇದೇ ಜಗಳೂರಿನವರು. ಆದರೆ ಇಂದಿನ ವಿಷಯಕ್ಕಾಗಿ ದಿಲ್ಲಿಯವರೆಗೆ ಹೋಗಬೇಕಾಗಿಯೂ ಇಲ್ಲ, ನಮ್ಮ ಅಡುಗೆ ಮನೆಗೆ ಹೋದರೆ ಸಾಕು.

ಅಕ್ಕಿಯ ಚೀಲದ ಮೇಲೆ 'ಸಾರ್ಟೆಕ್ಸ್' ಎಂಬ ಪದವನ್ನು ನಾವೆಲ್ಲರೂ ಓದಿದ್ದೇವೆ. ಮಿಲ್ಲಿನ ಆ ಯಂತ್ರದಲ್ಲಿ ಕಾಳುಗಳು ಸಾಲಾಗಿ ಬೀಳುತ್ತವೆ. ಕ್ಯಾಮರಾ ಪ್ರತಿಯೊಂದು ಕಾಳನ್ನೂ ನೋಡುತ್ತದೆ. ಬಣ್ಣಗೆಟ್ಟ ಕಾಳನ್ನು ಗಾಳಿಯ ಒಂದು ಹೊಡೆತ ಹೊರಗೆಸೆಯುತ್ತದೆ. ಮೊದಲು ಈ ಕೆಲಸವನ್ನು ಮೊರ ಹಿಡಿದ ಮಹಿಳೆಯರು ಮಾಡುತ್ತಿದ್ದರು. ನಮ್ಮ ಅನ್ನದಲ್ಲಿ ಕಲ್ಲು ಸಿಗುವುದು ತಪ್ಪಿತು, ಅದು ಲಾಭ. ಆ ಮಹಿಳೆಯರ ಕೂಲಿಯೂ ತಪ್ಪಿತು, ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಂತ್ರದ ಕಣ್ಣು ನಮ್ಮ ಮಾರುಕಟ್ಟೆಗೆ ಬಂದು ವರ್ಷಗಳೇ ಕಳೆದಿವೆ. ಈಗ ಬಂದಿರುವುದು ಯಂತ್ರದ ನಾಲಿಗೆ ಮತ್ತು ಯಂತ್ರದ ಅಂದಾಜು.

ಈ ಅಂದಾಜು ಎಂಬ ಪದವನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು. ಕೃತಕ ಬುದ್ಧಿಮತ್ತೆಗೆ ಗೈಬ್‌ನ ಜ್ಞಾನವಿಲ್ಲ, ಅದು ಅಲ್ಲಾಹನಿಗೆ ಮಾತ್ರ ಸೇರಿದ್ದು. ಕಳೆದುಹೋದ ಲಕ್ಷಾಂತರ ನಿದರ್ಶನಗಳನ್ನು ಅದಕ್ಕೆ ಉಣಿಸಲಾಗಿರುತ್ತದೆ. ಅವುಗಳ ಆಧಾರದಲ್ಲಿ ಮುಂದಿನದು ಹೀಗಿರಬಹುದೆಂದು ಅದು ಊಹಿಸುತ್ತದೆ. ನಲವತ್ತು ಸುಗ್ಗಿಗಳನ್ನು ಕಂಡ ದಲಾಲರೊಬ್ಬರು ಮುಷ್ಟಿಯಲ್ಲಿ ಕಾಳು ಹಿಡಿದು ಬೆಲೆ ಹೇಳುವುದೂ ಇದೇ ರೀತಿಯ ಅಂದಾಜು. ವ್ಯತ್ಯಾಸವಿಷ್ಟೇ, ದಲಾಲರ ಅಂದಾಜು ಅವರೊಬ್ಬರದು. ಯಂತ್ರದ ಅಂದಾಜು ಹಣ ಕೊಡಬಲ್ಲ ದೊಡ್ಡ ಖರೀದಿದಾರನ ಕೈಯಲ್ಲಿ ಏಕಕಾಲಕ್ಕೆ ನೂರು ಮಾರುಕಟ್ಟೆಗಳಿಗೆ ಅನ್ವಯವಾಗುತ್ತದೆ.

ನಮ್ಮ ಮುಖ್ಯ ವಿಷಯ ಇಲ್ಲಿಂದಲೇ ಆರಂಭವಾಗುತ್ತದೆ. ಪ್ರವಾದಿ ಮುಹಮ್ಮದ್(ಸ)ರು ವ್ಯಾಪಾರದ ಕುರಿತು ನೀಡಿದ ಆದೇಶಗಳಲ್ಲಿ ಒಂದನ್ನು ನಮ್ಮ ಮಿಂಬರ್‌ಗಳಿಂದ ನಾವು ಕೇಳುವುದೇ ಅಪರೂಪ. ಸರಕು ಹೊತ್ತು ಬರುವ ಕಾಫಿಲಾವನ್ನು ಅದು ಮಾರುಕಟ್ಟೆ ತಲಪುವ ಮೊದಲೇ ದಾರಿಯಲ್ಲಿ ಎದುರುಗೊಂಡು ಖರೀದಿಸಬಾರದೆಂದು ಅವರು(ಸ) ತಡೆದರು. ಹಾಗೆ ಖರೀದಿಸಿದ್ದರೆ, ಮಾರಿದವನು ಮಾರುಕಟ್ಟೆಗೆ ಬಂದ ಬಳಿಕ ಆ ವ್ಯಾಪಾರವನ್ನು ರದ್ದುಪಡಿಸುವ ಅಧಿಕಾರವನ್ನೂ ಅವನಿಗೆ ಕೊಟ್ಟರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಈ ವಿಷಯದ ಹದೀಸ್‌ಗಳಿವೆ. ಇದರಲ್ಲಿ ಕಳ್ಳತನವೇನಿತ್ತು? ತೂಕ ಸರಿಯಾಗಿತ್ತು, ಹಣ ಕೈಗೆ ಬಂದಿತ್ತು, ಇಬ್ಬರೂ ಒಪ್ಪಿದ್ದರು. ಆದರೆ ಒಬ್ಬನಿಗೆ ಪೇಟೆಯ ಧಾರಣೆ ತಿಳಿದಿತ್ತು, ಇನ್ನೊಬ್ಬನಿಗೆ ತಿಳಿದಿರಲಿಲ್ಲ. ಆ ಅಜ್ಞಾನದಿಂದ ಲಾಭ ಪಡೆಯುವುದನ್ನೇ ಶರೀಅತ್ ತಡೆಯಿತು.

ಈಗ ನಮ್ಮ ತಾಲೂಕಿನ ಮೆಕ್ಕೆಜೋಳದ ಕಣವನ್ನು ನೋಡಿರಿ. ಒಕ್ಕಣೆ ಮುಗಿದ ದಿನವೇ ಲಾರಿ ಹೊಲದ ಬದುವಿಗೆ ಬಂದು ನಿಲ್ಲುತ್ತದೆ. ಕೋಳಿ ಆಹಾರದ ಕಾರ್ಖಾನೆಗಳಲ್ಲಿ ಎಷ್ಟು ದಾಸ್ತಾನಿದೆ, ಎಥೆನಾಲ್ ಘಟಕಗಳಿಗೆ ಎಷ್ಟು ಬೇಕು, ಮುಂದಿನ ತಿಂಗಳ ಧಾರಣೆ ಏನಾಗಬಹುದು ಎಂಬುದನ್ನು ಲೆಕ್ಕ ಹಾಕುವ ಯಂತ್ರ ದೊಡ್ಡ ಖರೀದಿದಾರನ ಬಳಿ ಇರಬಹುದು. ರೈತನ ಬಳಿ ಇರುವುದು ಬೀಜ, ಗೊಬ್ಬರದ ಅಂಗಡಿಯ ಸಾಲದ ಚೀಟಿ. ಕಾಫಿಲಾವನ್ನು ದಾರಿಯಲ್ಲಿ ಎದುರುಗೊಳ್ಳುವುದೆಂದರೆ ಇಂದಿನ ಅರ್ಥದಲ್ಲಿ ಇದಲ್ಲದೆ ಇನ್ನೇನು? ಹೊಲದಲ್ಲಿ ಖರೀದಿಸುವುದೆಲ್ಲವೂ ನಿಷಿದ್ಧವೆಂದು ನಾವು ಫತ್ವಾ ಕೊಡುತ್ತಿಲ್ಲ, ಅದು ಉಲಮಾಗಳ ಕೆಲಸ. ಆ ಆದೇಶದ ಹಿಂದಿನ ಕಾರಣ ಇಲ್ಲಿಯೂ ಇದೆ ಎಂದಷ್ಟೇ ಹೇಳುತ್ತಿದ್ದೇವೆ.

ಇದೇ ಯಂತ್ರವನ್ನು ರೈತನ ಪಕ್ಷದಲ್ಲಿ ನಿಲ್ಲಿಸಲು ನಮ್ಮ ರಾಜ್ಯದಲ್ಲಿ ಪ್ರಯತ್ನಗಳೂ ನಡೆದಿವೆ. 2014ರಲ್ಲಿ ರಾಜ್ಯ ಸರಕಾರ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯನ್ನು ಸ್ಥಾಪಿಸಿ ಎಪಿಎಂಸಿಗಳ ಟೆಂಡರನ್ನು ಕಂಪ್ಯೂಟರಿಗೆ ತಂದಿತು. ಒಂದು ಲಾಟಿಗೆ ದೂರದ ಊರಿನ ಖರೀದಿದಾರನೂ ಬೆಲೆ ನಮೂದಿಸಲು ಸಾಧ್ಯವಾಯಿತು. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ನಿಗದಿಪಡಿಸುತ್ತಿದ್ದ ಕಾಲವನ್ನು ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ. 2017ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರಕಾರ ಮೈಕ್ರೋಸಾಫ್ಟ್ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ರಾಜ್ಯ ಕೃಷಿ ಬೆಲೆ ಆಯೋಗಕ್ಕಾಗಿ, ಬಿತ್ತನೆಯ ವಿಸ್ತೀರ್ಣ, ಹವಾಮಾನ ಮುಂತಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮುಂಚಿತವಾಗಿಯೇ ಧಾರಣೆಯನ್ನು ಅಂದಾಜಿಸುವ ಮಾದರಿಯನ್ನು ರೂಪಿಸುವುದು ಅದರ ಉದ್ದೇಶವಾಗಿತ್ತು. ಮೊದಲು ಆಯ್ದುಕೊಂಡದ್ದು ತೊಗರಿಯನ್ನು. ಕಲಬುರಗಿಯ ತೊಗರಿಗೆ ಸಾಧ್ಯವಾಗುವುದು ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳಕ್ಕೂ, ಈರುಳ್ಳಿಗೂ ಸಾಧ್ಯವಾಗಬೇಕು.

ಆದರೆ ಬೆಲೆ ತಿಳಿದ ಮಾತ್ರಕ್ಕೆ ಬೆಲೆ ಸಿಗುವುದಿಲ್ಲ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಎರಡು ಸಾವಿರಕ್ಕಿಂತಲೂ ಕೆಳಗೆ ಕುಸಿದಿತ್ತು. ರೈತರು ಬೀದಿಗಿಳಿದರು, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಬೆಂಬಲ ಬೆಲೆ ಎಷ್ಟೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತಿತ್ತು. ಇಲ್ಲದಿದ್ದುದು ಖರೀದಿ ಕೇಂದ್ರ, ಗೋದಾಮು ಮತ್ತು ಎರಡು ತಿಂಗಳು ಕಾಯುವಷ್ಟು ಕೈಯಲ್ಲಿ ಹಣ. ಯಂತ್ರದ ಹೆಸರಿನಲ್ಲಿ ಸಮ್ಮೇಳನಗಳನ್ನು ನಡೆಸುವ ಸರಕಾರಗಳು, ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ಈ ಗೋದಾಮಿನ ಮಾತು ಬಂದಾಗ ಪರಸ್ಪರರತ್ತ ಬೆರಳು ತೋರಿಸುತ್ತವೆ.

ಇನ್ನು ಸಣ್ಣ ವ್ಯಾಪಾರಿಗಳ ವಿಷಯಕ್ಕೆ ಬರೋಣ. ಇಲ್ಲಿ ಲಾಭವು ಕಣ್ಣಿಗೆ ಕಾಣುವಂತಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಇಂಗ್ಲಿಷ್ ಬಾರದೆಂಬ ಒಂದೇ ಕಾರಣಕ್ಕೆ ನಮ್ಮ ಎಷ್ಟೋ ಮಂದಿ ಸಣ್ಣ ವ್ಯಾಪಾರಿಗಳು ದೊಡ್ಡ ಊರಿನ ಕಂಪೆನಿಗೆ ಒಂದು ಪತ್ರ ಬರೆಯಲಾರದೆ ಮಧ್ಯವರ್ತಿಗೆ ಕಮಿಷನ್ ಕೊಟ್ಟಿದ್ದಾರೆ. ಇಂದು ಫೋನಿಗೆ ಕನ್ನಡದಲ್ಲಿ ಹೇಳಿದರೆ ಅದು ಇಂಗ್ಲಿಷಿನಲ್ಲಿ ಪತ್ರವನ್ನು ಬರೆದುಕೊಡುತ್ತದೆ. ಮನೆಯಲ್ಲೇ ಹೊಲಿಗೆ, ಕಸೂತಿ ಮಾಡುವ ಸಹೋದರಿಯೊಬ್ಬಳು ತನ್ನ ಬಟ್ಟೆಯ ವಿವರವನ್ನು ನಾಲ್ಕು ಭಾಷೆಗಳಲ್ಲಿ ಸಿದ್ಧಪಡಿಸಬಹುದು. ಯಂತ್ರಕ್ಕೆ ಕನ್ನಡ ಕಲಿಸುವುದೇ ಒಂದು ದುಡಿಮೆಯಾಗಿದೆ ಎಂಬುದು ಇಲ್ಲಿ ಹಲವರಿಗೆ ತಿಳಿದಿರಲಾರದು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಹಳ್ಳಿಗಳ ಜನರಿಂದ ಫೋನಿನಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಅದಕ್ಕೆ ಹಣ ಕೊಟ್ಟಿದೆ. ಅವರಲ್ಲಿ ಮನೆಯಲ್ಲಿದ್ದುಕೊಂಡೇ ದುಡಿದ ಮಹಿಳೆಯರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಯೋಜನೆಗಳಲ್ಲಿಯೂ ಕನ್ನಡದ ಪ್ರಾದೇಶಿಕ ನುಡಿಗಳ ಧ್ವನಿಯನ್ನು ಸಂಗ್ರಹಿಸಲಾಗಿದೆ. ನಮ್ಮ ನಾಲಿಗೆಗೂ ಮಾರುಕಟ್ಟೆಯಲ್ಲಿ ಬೆಲೆಯಿದೆಯೆಂದರೆ, ಆ ಬೆಲೆಯನ್ನು ಕೇಳಿ ಪಡೆಯುವ ತಿಳುವಳಿಕೆ ನಮ್ಮ ಹೆಣ್ಣು ಮಕ್ಕಳಿಗೆ ಬರಬೇಕು. ಅವರ ಕೈಗೆ ಫೋನ್ ಕೊಡಬಾರದೆಂದು ಹೇಳುವ ಹಿರಿಯರು ಮನೆಯ ಸಾಲದ ಕಂತಿಗೆ ಅವರ ದುಡಿಮೆಯನ್ನು ಮಾತ್ರ ನಿರಾಕರಿಸುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ಈಗ ಅಪಾಯದ ಮಾತು. 2025ರ ಜುಲೈಯಲ್ಲಿ ನಡೆದುದು ನಿಮಗೆ ಮರೆತಿರಲಾರದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಅಂಗಡಿಗಳಿಗೆ ಬಂದ ಹಣದ ದತ್ತಾಂಶವನ್ನು ಜಾಲಾಡಿ ಬೇಕರಿ, ಚಹಾ, ಹಣ್ಣು-ತರಕಾರಿಯವರಿಗೂ ನೋಟಿಸ್ ಕಳುಹಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ, ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿಯ ವಹಿವಾಟು ನಡೆದಿದೆಯೆಂದು 29 ಲಕ್ಷ ರೂಪಾಯಿ ತೆರಿಗೆಯ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಹಲವು ಊರುಗಳಲ್ಲಿ ಅಂಗಡಿಯವರು ಕ್ಯೂಆರ್ ಫಲಕವನ್ನು ಕಿತ್ತು 'ನಗದು ಮಾತ್ರ' ಎಂದು ಬರೆದು ಹಾಕಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲವೆಂದು ಭರವಸೆ ನೀಡಬೇಕಾಯಿತು.

ಈ ಜಾಲಾಟಕ್ಕೆ ಕೃತಕ ಬುದ್ಧಿಮತ್ತೆ ಎಂಬ ದೊಡ್ಡ ಹೆಸರು ಬೇಕಾಗಿಲ್ಲ. ಆದರೆ ಮುಂದೆ ಬರಲಿರುವುದರ ಸ್ವರೂಪ ಇದರಲ್ಲಿಯೇ ಕಾಣುತ್ತದೆ. ಲೆಕ್ಕದ ಯಂತ್ರ ಮೊತ್ತವನ್ನು ಕಂಡಿತು, ಬುಟ್ಟಿಯೊಳಗಿನ ಬದನೆಕಾಯಿಯನ್ನು ಕಾಣಲಿಲ್ಲ. ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಂದರ ಬಳಿ ನಿಂತ ಘಟನೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಮೇಲಿನ ಕಾಳು ಒಣಗಿತ್ತು. ಅವರು ಕೈಯನ್ನು ರಾಶಿಯೊಳಗೆ ತೂರಿಸಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದನು. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬೇಕಿತ್ತೆಂದು ಅವರು(ಸ) ತಿಳಿಸಿ, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿದರು. ಈ ಘಟನೆಯನ್ನು ನಾವು ಮಾರುವವನಿಗೆ ಪಾಠವೆಂದಷ್ಟೇ ಓದುತ್ತೇವೆ. ಪರಿಶೀಲಿಸುವವನಿಗೂ ಅದರಲ್ಲಿ ಪಾಠವಿದೆ: ರಾಶಿಯೊಳಗೆ ಕೈ ಹಾಕಬೇಕು. ಅಧಿಕಾರಿ ಪರದೆಯ ಮೇಲಿನ ಮೊತ್ತವನ್ನು ನೋಡಿ ನೋಟಿಸ್ ಬರೆದರೆ ಅವನು ರಾಶಿಯ ಮೇಲ್ಮೈಯನ್ನಷ್ಟೇ ನೋಡಿದಂತಾಯಿತು.

ನಮ್ಮ ತಪ್ಪನ್ನೂ ಹೇಳಬೇಕಷ್ಟೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಮ್ಮ ಎಷ್ಟು ಅಂಗಡಿಗಳಿಗೆ ತಿಳಿದಿತ್ತು? ಮನೆಯ ಹಣ, ಅಂಗಡಿಯ ಹಣ, ಮೈದುನನಿಗೆ ಕಳುಹಿಸಿದ ಹಣ ಎಲ್ಲವೂ ಒಂದೇ ಫೋನ್ ಸಂಖ್ಯೆಯಲ್ಲಿ ಓಡಾಡುತ್ತದೆ. ಉದ್ರಿಯನ್ನು ಬರೆದಿಡಿರಿ, ಸಾಕ್ಷಿಗಳನ್ನಿಡಿರಿ ಎಂದು ಪವಿತ್ರ ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತವೇ ಆದೇಶಿಸಿರುವಾಗ ಕಿರ್ದಿ ಪುಸ್ತಕವಿಲ್ಲದ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಂತ್ರ ತಪ್ಪು ಲೆಕ್ಕ ಹೇಳಿದಾಗ ಎದುರಿಗೆ ಹಿಡಿಯಲು ನಮ್ಮದೇ ಲೆಕ್ಕವಿಲ್ಲದಿದ್ದರೆ ಯಂತ್ರದ ಮಾತೇ ಗೆಲ್ಲುತ್ತದೆ.

ಯಂತ್ರ ತಪ್ಪಿದಾಗ ಹೊಣೆ ಯಾರದು? ಕೆನಡಾದ ವಿಮಾನ ಕಂಪೆನಿ ಏರ್ ಕೆನಡಾದ ಜಾಲತಾಣದಲ್ಲಿ ಗ್ರಾಹಕರಿಗೆ ಉತ್ತರಿಸುವ ಯಂತ್ರವೊಂದು, ಕುಟುಂಬದಲ್ಲಿ ಮರಣ ಸಂಭವಿಸಿದ್ದ ಪ್ರಯಾಣಿಕನೊಬ್ಬನಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಹಣ ಕೇಳಿದಾಗ, ಆ ಯಂತ್ರದ ಮಾತಿಗೆ ಯಂತ್ರವೇ ಹೊಣೆಯೆಂಬಂತೆ ಕಂಪೆನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಈ ವಾದವನ್ನು ತಳ್ಳಿಹಾಕಿ ಕಂಪೆನಿಯಿಂದ ಪರಿಹಾರ ಕೊಡಿಸಿತು. ತಕ್ಕಡಿ ಸರಿಯಿಲ್ಲದಿದ್ದರೆ ತಕ್ಕಡಿಯನ್ನು ಯಾರೂ ಶಿಕ್ಷಿಸುವುದಿಲ್ಲ. ಅಲ್-ಮುತಫ್ಫಿಫೀನ್ ಅಧ್ಯಾಯದ ಎಚ್ಚರಿಕೆ ಇರುವುದು ತೂಗುವವನಿಗೆ. 'ಕಂಪ್ಯೂಟರ್ ಹಾಗೆ ತೋರಿಸಿತು' ಎಂಬ ಉತ್ತರ ಗ್ರಾಹಕನೆದುರೂ ನಡೆಯದು, ಹಶ್ರ್‌ನಲ್ಲಿಯೂ ನಡೆಯದು.

ಯಂತ್ರ ಸುಳ್ಳನ್ನು ಎಷ್ಟು ವಿಶ್ವಾಸದಿಂದ ಹೇಳಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ ಉದಾಹರಣೆಗಳೇ ಇವೆ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹೊರಡಿಸಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳ ಉಲ್ಲೇಖವಿತ್ತು, ಆದೇಶವನ್ನು ಹಿಂಪಡೆಯಬೇಕಾಯಿತು. ಕೃತಕ ಬುದ್ಧಿಮತ್ತೆಯಿಂದ ಬಂದ ಉಲ್ಲೇಖಗಳಿರಬೇಕೆಂಬ ಸಂಶಯ ಪತ್ರಿಕೆಗಳಲ್ಲಿ ವ್ಯಕ್ತವಾಯಿತು. 2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿಯೂ ಸುಪ್ರೀಂ ಕೋರ್ಟಿನ ಇಲ್ಲದ ತೀರ್ಪುಗಳಿದ್ದುದನ್ನು ಹೈಕೋರ್ಟ್ ಗಂಭೀರವಾಗಿ ಪರಿಗಣಿಸಿತು. ಕಾನೂನು ಓದಿದವರ ಮೇಜಿನ ಮೇಲೆಯೇ ಇಂತಹವು ದಾಟಿ ಹೋಗುವುದಾದರೆ, ಬಾಡಿಗೆ ಕರಾರನ್ನೋ ತೆರಿಗೆಯ ಉತ್ತರವನ್ನೋ ಫೋನಿನಿಂದ ಬರೆಸಿಕೊಂಡು ಹಾಗೆಯೇ ಸಹಿ ಹಾಕುವ ನಮ್ಮ ಅಂಗಡಿಯವರ ಗತಿಯೇನು?

ಇಂತಹ ಪರಿಶೀಲನೆ ಈ ಸಮುದಾಯಕ್ಕೆ ಹೊಸದಾಗಿರಬಾರದಿತ್ತು. ಒಂದು ಮಾತು ಪ್ರವಾದಿ(ಸ)ರದೆಂದು ಯಾರಾದರೂ ಹೇಳಿದರೆ, ಅದನ್ನು ನಿನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಸನದ್‌ನ ಕೊಂಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮುಹದ್ದಿಸ್‌ಗಳ ಪರಂಪರೆ ನಮ್ಮದು. ನೆನಪಿನ ಶಕ್ತಿ ಕುಂದಿದವನ ವರದಿಯನ್ನು ಅವರು ಬದಿಗಿಟ್ಟರು. ಈ ಯಂತ್ರ ಸನದ್ ಇಲ್ಲದೆ ಮಾತನಾಡುತ್ತದೆ. ಕೇಳಿದರೆ ಸನದನ್ನೂ ತಾನೇ ಕಟ್ಟಿಕೊಡುತ್ತದೆ! ವ್ಯಾಪಾರದ ಪಾಲುದಾರಿಕೆ, ಝಕಾತ್, ಬಡ್ಡಿಯ ಪ್ರಶ್ನೆಗಳನ್ನು ಫೋನಿಗೆ ಕೇಳಿ ಉತ್ತರವನ್ನು ವಾಟ್ಸಪ್ ಗುಂಪುಗಳಿಗೆ ಹಂಚುವ ಅಭ್ಯಾಸ ನಮ್ಮ ಯುವಕರಲ್ಲಿ ಬೆಳೆಯುತ್ತಿದೆ. ಕೇಳಬೇಡಿರೆಂದು ನಾವು ಹೇಳುವುದಿಲ್ಲ. ಅದು ಹೇಳಿದ ಹದೀಸನ್ನು ಗ್ರಂಥ ತೆರೆದು ನೋಡದೆ, ಆಲಿಮರೊಬ್ಬರಲ್ಲಿ ವಿಚಾರಿಸದೆ ಮುಂದಕ್ಕೆ ಕಳುಹಿಸಬೇಡಿರಿ.

ಇನ್ನು ಮೋಸದ ಮಾತು. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರ ಮುಖ, ಧ್ವನಿಯನ್ನು ಯಂತ್ರದಿಂದ ನಕಲು ಮಾಡಿ, ಅವರೇ ಹಣ ಹೂಡಲು ಕರೆಯುತ್ತಿರುವಂತೆ ವೀಡಿಯೊಗಳನ್ನು ಹರಿಯಬಿಡಲಾಯಿತು. 2023ರ ಡಿಸೆಂಬರ್‌ನಲ್ಲಿ ಅವರೇ ಜನರನ್ನು ಎಚ್ಚರಿಸಿದರು. ಆ ಬಳಿಕವೂ ಬೆಂಗಳೂರಿನಲ್ಲಿ ಇಂತಹ ವೀಡಿಯೊಗಳನ್ನು ನಂಬಿ ಲಕ್ಷಾಂತರ ರೂಪಾಯಿ ಕಳೆದುಕೊಂಡವರಿದ್ದಾರೆ. ನಾಳೆ ನಿಮ್ಮ ಸಗಟು ವ್ಯಾಪಾರಿಯ ಧ್ವನಿಯಲ್ಲೇ, ಈ ಬಾರಿ ಹಣವನ್ನು ಬೇರೆ ಖಾತೆಗೆ ಹಾಕು ಎಂಬ ಕರೆ ಬರಬಹುದು. ಫೋನಿಟ್ಟು, ನಿಮ್ಮಲ್ಲಿರುವ ಹಳೆಯ ಸಂಖ್ಯೆಗೆ ನೀವೇ ಕರೆ ಮಾಡಿರಿ. ಸುದ್ದಿ ತಂದವನನ್ನು ಪರಿಶೀಲಿಸಿರೆಂಬ ಅಲ್-ಹುಜುರಾತ್ ಅಧ್ಯಾಯದ ಆದೇಶ ಫೋನಿಗೆ ಅನ್ವಯಿಸುವುದಿಲ್ಲವೆಂದು ಯಾರೂ ಹೇಳಿಲ್ಲ. ಹಣ ಹೋದ ಮೇಲೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ದೂರು ಕೊಡಿರಿ, ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಆದರೆ ಎಲ್ಲ ದೋಷವನ್ನೂ ಯಂತ್ರದ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದು, ಅದರ ಮುಖ್ಯಸ್ಥ ದುಬೈಗೆ ಹೋದಾಗ ದೂರು ಕೊಡಲು ಸಾಲು ನಿಂತ ಸಾವಿರಾರು ಮಂದಿಯಲ್ಲಿ ಬಹುಪಾಲು ನಮ್ಮವರೇ. ಮಗಳ ಮದುವೆಗೆಂದು ಕೂಡಿಟ್ಟದ್ದು, ಗಲ್ಫ್‌ನಲ್ಲಿ ದುಡಿದು ಕಳುಹಿಸಿದ್ದು, ಹಜ್ಜ್‌ಗೆಂದು ಕಟ್ಟಿಟ್ಟದ್ದು ಎಲ್ಲವೂ ಅದರಲ್ಲಿತ್ತು. ಅಲ್ಲಿ ಯಾವ ನಕಲಿ ಮುಖವೂ ಬೇಕಾಗಿರಲಿಲ್ಲ. 'ಹಲಾಲ್' ಎಂಬ ಒಂದು ಪದ, ಗಡ್ಡ, ಶಾಲೆಗೆ ಕೊಟ್ಟ ದಾನ, ವೇದಿಕೆಯ ಮೇಲೆ ಪಕ್ಕದಲ್ಲಿ ಕುಳಿತ ಗಣ್ಯರು, ಇಷ್ಟೇ ಸಾಕಾಯಿತು. ಲಾಭ ಎಲ್ಲಿಂದ ಬರುತ್ತಿದೆಯೆಂದು ಕೇಳಿದವರನ್ನು ಸಮುದಾಯದ ಶತ್ರುವೆಂಬಂತೆ ನೋಡಲಾಯಿತು. ಮುಂದಿನ ಇಂತಹ ವಂಚಕನಿಗೆ ಗಣ್ಯರನ್ನು ವೇದಿಕೆಗೆ ಕರೆತರುವ ಖರ್ಚೂ ಬೇಕಿಲ್ಲ, ಯಾವ ಮೌಲಾನಾರ ಧ್ವನಿಯನ್ನಾದರೂ ಯಂತ್ರ ಸಿದ್ಧಪಡಿಸಿ ಕೊಡುತ್ತದೆ. ಲೆಕ್ಕ ಕೇಳುವ ಧೈರ್ಯವನ್ನು ನಾವು ಅಷ್ಟರೊಳಗೆ ಕಲಿತಿರಬೇಕು.

ಬೆಂಗಳೂರಿಗೆ ಹೋಗಿ ಬೈಕಿನಲ್ಲಿ ಊಟ, ಪಾರ್ಸೆಲ್ ಹಂಚುವ ನಮ್ಮ ಹುಡುಗರ ಕುರಿತು ಒಂದೆರಡು ಮಾತು. ಅವರಿಗೆ ಮೇಸ್ತ್ರಿಯಿಲ್ಲ, ಯಂತ್ರವೇ ಮೇಸ್ತ್ರಿ. ಯಾವ ಕೆಲಸ, ಎಷ್ಟು ಹಣ, ಯಾರ ಖಾತೆ ಬಂದ್ ಎಂಬುದನ್ನು ಅದೇ ನಿರ್ಧರಿಸುತ್ತದೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ಕಾಯಿದೆ ಮಾಡಿದೆ. ಯಂತ್ರದ ತೀರ್ಮಾನಗಳ ವಿವರವನ್ನು ಕಾರ್ಮಿಕನಿಗೆ ತಿಳಿಸಬೇಕು, ಕೆಲಸದಿಂದ ತೆಗೆಯಲು 14 ದಿನಗಳ ಮುನ್ನ ನೋಟಿಸ್ ಕೊಡಬೇಕು ಎಂಬ ಅಂಶಗಳು ಅದರಲ್ಲಿವೆ. ಮಕ್ಕಳು ಊರಿಗೆ ಬಂದಾಗ ಅವರಿಗೆ ಈ ಕಾಯಿದೆಯ ವಿಷಯ ಹೇಳಿರಿ.

ಈಗ ನಮ್ಮ ಊರಿನ ಕೆಲಸಕ್ಕೆ ಬರೋಣ. ಸುಗ್ಗಿಯ ಎರಡು ತಿಂಗಳು ಜಗಳೂರು, ದಾವಣಗೆರೆ, ರಾಣೆಬೆನ್ನೂರು ಮಾರುಕಟ್ಟೆಗಳ ಮೆಕ್ಕೆಜೋಳ ಮತ್ತು ಈರುಳ್ಳಿಯ ಅಂದಿನ ಧಾರಣೆಯನ್ನು, ಸಿಗುವುದಾದರೆ ಮುಂದಿನ ತಿಂಗಳ ಅಂದಾಜನ್ನೂ ಪ್ರತಿದಿನ ಬೆಳಿಗ್ಗೆ ಒಂದು ಕಪ್ಪು ಹಲಗೆಯ ಮೇಲೆ ಬರೆದು ಹಾಕಬೇಕೆಂಬುದು ನಮ್ಮ ಸಲಹೆ. ಹಲಗೆಯನ್ನು ಮಸ್ಜಿದ್‌ನ ಒಳಗಲ್ಲ, ಎಲ್ಲ ಜಾತಿ ಮತಗಳ ರೈತರೂ ಇಳಿಯುವ ಬಸ್ ನಿಲ್ದಾಣದ ಬಳಿ ಇಡೋಣ. ಅಂದಾಜಿನ ಅಂಕಿಯ ಕೆಳಗೆ ಅದು ಅಂದಾಜೆಂದೂ, ಎಲ್ಲಿಂದ ಪಡೆದದ್ದೆಂದೂ ಬರೆದಿರಬೇಕು. ಇದರಿಂದ ನಮ್ಮದೇ ದಲಾಲಿ ಅಂಗಡಿಗಳಿಗೆ ನಷ್ಟವಾಗದೇ ಎಂದು ಒಬ್ಬರು ಕೇಳಿದ್ದಾರೆ. ಆಗಬಹುದು. ರೈತನಿಗೆ ಧಾರಣೆ ತಿಳಿಯದೆಂಬುದನ್ನೇ ಬಂಡವಾಳವಾಗಿಟ್ಟುಕೊಂಡ ಅಂಗಡಿಗೆ ಖಂಡಿತವಾಗಿ ಆಗುತ್ತದೆ. ಅದೇ ದಲಾಲಿ ಸಾಲಿನ ಹಿರಿಯರೊಬ್ಬರು ಹಲಗೆಯ ಖರ್ಚನ್ನು ತಾವು ಕೊಡುವುದಾಗಿ ಸಭೆಗೆ ಮೊದಲೇ ನಮಗೆ ತಿಳಿಸಿದ್ದಾರೆ. ಫೋನ್ ನೋಡಿ ಅಂಕಿಗಳನ್ನು ಬರೆಯಲು ಅಕ್ಷರ ಚೆನ್ನಾಗಿರುವ ಇಬ್ಬರು ಹುಡುಗರು ಬೇಕು, ಒಬ್ಬಳು ಹುಡುಗಿಯಾದರೂ ಸರಿ. ಸಭೆ ಮುಗಿಯುವ ಮೊದಲು ಹೆಸರು ಕೊಡಬೇಕೆಂದು ಕೋರುತ್ತೇವೆ.